ಅರ್ಥವಾಗದ ಸಾಲು

ಹಾಲಿನ ಡೇರಿಯ ಹಳೆಯ ಪ್ರೋಗ್ರಾಂ ಒಂದನ್ನು ಹೊಸ ಕಂಪ್ಯೂಟರಿಗೆ ಸಾಗಿಸಬೇಕಾಯಿತು. ಅದರ ಕೋಡನ್ನು ಓದಿ ನಕ್ಷೆ ಬರೆಯಲು ಎರಡು ಉಪಕರಣಗಳು ಬಂದವು. ನಕ್ಷೆ ನೋಡಿ ಹೊಸದನ್ನು ಕಟ್ಟುತ್ತಾರೆ, ಹಳೆಯದನ್ನು ಅಳಿಸುತ್ತಾರೆ. ನಕ್ಷೆಯಲ್ಲಿ ಬಿಟ್ಟುಹೋದದ್ದು ಹೋದಂತೆಯೇ ಎಂದು ಮುದಿ ಪ್ರೋಗ್ರಾಮಿಗೆ ಚಿಂತೆ.

ಮೊದಲ ಉಪಕರಣ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸಿತು. “ಒಂದು ಸಾಲು ನಾನು ಕಲಿತ ಭಾಷೆಯದಲ್ಲ. ಕಸವೆಂದು ಬಿಟ್ಟೆ.”

“ತೂಕದ ಯಂತ್ರದೊಡನೆ ಅದರದೇ ಭಾಷೆಯಲ್ಲಿ ಮಾತಾಡುವ ಸಾಲು ಅದು, ಮಹಾರಾಯ. ಅದಿಲ್ಲದೆ ಹಾಲು ತೂಗುವವರು ಯಾರು?” ಎಂದಿತು ಪ್ರೋಗ್ರಾಂ.

ಎರಡನೆಯದು ತಡವಾಗಿ ಮುಗಿಸಿತು. ಅದರ ನಕ್ಷೆಯಲ್ಲಿ ಆ ಸಾಲು ಒಂದಕ್ಷರವೂ ಮುಕ್ಕಾಗದೆ ತನ್ನ ಜಾಗದಲ್ಲೇ ಕೂತಿತ್ತು. ಪಕ್ಕದಲ್ಲಿ, ‘ಇದು ನನಗೆ ಅರ್ಥವಾಗಲಿಲ್ಲ’ ಎಂದು ಬರೆದಿತ್ತು.

ಪ್ರೋಗ್ರಾಂ ಅದನ್ನು ಎರಡು ಸಲ ಓದಿತು. “ಇನ್ನು ನನ್ನನ್ನು ಅಳಿಸಬಹುದು, ಸ್ವಾಮಿ” ಎಂದಿತು.