ಮಡುವಿನ ಮೀನು

"ಗುರುಗಳೇ, ಸತ್ತವರು ಎಲ್ಲಿಗೆ ಹೋಗುತ್ತಾರೆ?" ಎಂದು ಶಿಷ್ಯ ಮಾದಯ್ಯ ಕೇಳಿದ. ತಾಯಿಯ ಬೂದಿಯನ್ನು ಹೊಳೆಗೆ ಬಿಟ್ಟು ಬಂದಂದಿನಿಂದ ಅವನು ಹೊಳೆಯ ನೀರು ಕುಡಿದಿರಲಿಲ್ಲ. ಮಠದಲ್ಲಿ ಬೇರೆ ನೀರಿರಲಿಲ್ಲ. ಭಕ್ತರು ತಂದ ಎಳನೀರಿನಲ್ಲಿ ಹೇಗೋ ದಿನ ದೂಡುತ್ತಿದ್ದ. ತುಟಿ ಒಡೆದಿತ್ತು.

ಗುರುಗಳು ಹೇಳಿದರು: "ಸತ್ತವರ ಊರನ್ನು ನಾನು ಕಂಡಿಲ್ಲಪ್ಪ. ಮೀನಿನ ವಿಷಯ ಗೊತ್ತು. ಬೇಕಾದರೆ ಕೇಳು."

ಒಬ್ಬ ಬೆಸ್ತನಿದ್ದ. ಅವನ ಅಪ್ಪ ತೀರಿಕೊಂಡ. ಹೊಳೆದಂಡೆಯಲ್ಲಿ ಸುಟ್ಟು, ಬೂದಿಯನ್ನು ಮಡುವಿಗೆ ಬಿಟ್ಟರು. ಬೂದಿ ಬಿಟ್ಟ ಮಡುವಿನಲ್ಲಿ ವರುಷ ತುಂಬುವವರೆಗೆ ಬಲೆ ಬೀಸಬಾರದೆಂಬುದು ಅವರ ಕಟ್ಟಳೆ. ಇವನು ಇನ್ನೂ ಮುಂದೆ ಹೋದ. ಈ ಹೊಳೆಯ ಮೀನೇ ಬೇಡ ಎಂದು ಬಲೆ ಸುತ್ತಿಟ್ಟ. ಮನೆಯಲ್ಲಿ ಹೆಂಡತಿ ಹಸಿ ಬಾಣಂತಿ. ಮೀನಿನ ಸಾರಿಲ್ಲದೆ ಅವಳ ಎದೆಹಾಲು ಬತ್ತಿತು. ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತು.

ಬೆಸ್ತನ ತಾಯಿಗೆ ರೇಗಿತು. ಮಗನನ್ನು ಒಲೆಯ ಮುಂದೆ ಕೂರಿಸಿದಳು. ಒಣಗಿದ ಪಾಚಿ, ಒಂದು ಸೀಗಡಿ, ಒಂದು ಒಣಮೀನು, ಮೂರನ್ನೂ ಕೆಂಡದ ಮೇಲೆ ಹಾಕಿದಳು. ಮೂರೂ ಕರಿಯಾದವು.

"ಯಾವುದು ಯಾವುದು, ಹೇಳೋ."

"ಎಲ್ಲ ಒಂದೇ ಇದ್ದಿಲು ಅವ್ವಾ."

"ಹೂಂ. ಪಾಚಿಯಲ್ಲಿದ್ದದ್ದು ಸೀಗಡಿಯ ಹೊಟ್ಟೆಗೆ ಹೋಯಿತು, ಸೀಗಡಿಯಲ್ಲಿದ್ದದ್ದು ಮೀನಿಗೆ, ಮೀನಿನದು ನಿಮ್ಮಪ್ಪನಿಗೆ. ಸುಟ್ಟಾಗ ಅವನು ಹೊಗೆಯಾಗಿ ಗಾಳಿ ಸೇರಿದ. ಗಾಳಿ ನೀರಿಗಿಳಿಯುತ್ತದೆ. ಅದನ್ನು ಉಂಡೇ ಪಾಚಿ ಬೆಳೆಯುವುದು. ಬದುಕಿದ್ದಷ್ಟು ದಿನ ಈ ಮನೆಗೆ ಉಣಿಸಿದವನು ಕಣೋ ಅವನು! ಸತ್ತ ಮೇಲೆ ಮೊಮ್ಮಗನನ್ನು ಉಪವಾಸ ಕೆಡವು ಅಂದನೇನು?"

ಬೆಸ್ತ ಅಳುತ್ತಲೇ ಬಲೆ ಹೆಗಲಿಗೇರಿಸಿದ. ಕಟ್ಟಳೆ ಮೀರದೆ ಮಡುವಿನ ಕೆಳಗಿನ ಹರಿವಿನಲ್ಲಿ ಬೀಸಿದ. ಮಡುವಿನಿಂದ ಇಳಿದು ಬಂದ ಮೀನು ಸಿಕ್ಕಿತು. ಮನೆಯಲ್ಲಿ ಸಾರಾಯಿತು. ಕೆಲವು ದಿನಗಳಲ್ಲಿ ಬಾಣಂತಿಗೆ ಹಾಲಿಳಿಯಿತು. ಕೂಸು ಹೊಟ್ಟೆ ತುಂಬ ಕುಡಿದು ಮಲಗಿತು.

ಕತೆ ಮುಗಿಯಿತು. ಮಾದಯ್ಯನ ಮುಖ ಸಣ್ಣದಾಯಿತು.

"ಹಾಗಾದರೆ ನನ್ನವ್ವ ಈ ನೀರಿನಲ್ಲೇ ಇದ್ದಾಳೆ. ಅವಳನ್ನು ಹೇಗೆ ಕುಡಿಯಲಿ, ಗುರುಗಳೇ?"

ಗುರುಗಳು ಹೊಳೆಯ ನೀರಿದ್ದ ತಂಬಿಗೆಯನ್ನು ಅವನ ಮುಂದಿಟ್ಟರು.

"ನವಮಾಸ ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡವಳಿಗೆ ನಿನ್ನ ಹೊಟ್ಟೆಯಲ್ಲಿ ಒಂದು ಗುಟುಕಿನಷ್ಟು ಜಾಗವಿಲ್ಲವೇನಯ್ಯಾ?"