ರಾಣಿ ಗೊಂಬೆಗೆ ದನಿ ಕೊಟ್ಟ ದೇವೀರಿ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೆ ಇನ್ನೂ ಹಾಲುಹಲ್ಲು ಮೂಡದಿದ್ದ ಕಾಲದಲ್ಲಿ, ದೇವೀರಿ ಅಂತ ಒಬ್ಬಳು ಕುಂಬಾರಗಿತ್ತಿ ಇದ್ದಳಂತೆ. ಹೂಂ ಅನ್ನು ಮರಿ. ಅವಳು ಹಾಡೋಕೆ ನಿಂತರೆ ಹೊಲಕ್ಕೆ ಹೊರಟೋರೂ ನಿಂತು ಕೇಳೋರಂತೆ. ಅವಳಿಗೆ ಒಬ್ಬಳೇ ಮಗಳು, ನಿಂಗಿ. ಅದು ಜ್ವರ ಬಂದು ತೀರಿಕೊಳ್ತಂತೆ.

ದೇವೀರಿ ಅಳಲಿಲ್ಲ. ಊಟ ಸೇರದು, ಹಾಡು ಬಾರದು, ಎದೆ ಮೇಲೆ ಬೀಸೋಕಲ್ಲು ಇಟ್ಟಂಗೆ. ಅವಳೇ ಅಳದಿದ್ದಾಗ ನಾನು ಹೆಂಗೆ ಅಳಲಿ ಅಂತ ಗಂಡ ಮುದ್ದಯ್ಯನೂ ಬಾಯಿ ಕಟ್ಟಿಕೊಂಡು ಕೂತನಂತೆ.

ಹಂಗಾದ್ರೂ ಅಳು ಬರಲಿ ಅಂತ ಅತ್ತೆ ಅವಳ ಕೈಲಿ ಒಂದು ಕುಕ್ಕೆ ಈರುಳ್ಳಿ ಹೆಚ್ಚಿಸಿದಳು. ಕಣ್ಣು ಉರೀತು, ಎದೆ ಹಂಗೇ ಇತ್ತು. ಆಮೇಲೆ ಗುಡ್ಡದ ಸಾಮಿ ಹತ್ರ ಕರ್ಕೊಂಡು ಹೋದ್ರು. ಎಲ್ಲಾ ಮಾಯೆ ತಾಯಿ ಅಂದರು ಸಾಮಿ. ಹೂಂ ಬುದ್ಧಿ ಅಂದು ಇವಳು ವಾಪಸ್ ಬಂದಳಂತೆ.

ಆಮೇಲೆ ಊರಿಗೆ ತೊಗಲುಗೊಂಬೆ ಆಟದೋರು ಬಂದ್ರಂತೆ. ಅವರ ಯಜಮಾನಿ ಹನುಮವ್ವನಿಗೆ ಗಂಟಲು ಕಟ್ಟಿತ್ತು. ದೇವೀರಿ ಕಂಠದ ಸುದ್ದಿ ಕೇಳಿ ಮನೆಗೇ ಬಂದು, ನಮ್ಮಾಟದಲ್ಲಿ ರಾಣಿ ಸತ್ತ ಮಗನ ಮುಂದೆ ಅಳಬೇಕು, ನೀನು ಬಾರವ್ವ ಅಂದಳಂತೆ. ನನಗೆ ಅಳು ಬರಾಕಿಲ್ಲ ಕಣಕ್ಕ ಅಂದಳು ದೇವೀರಿ. ಅಳೋದು ಗೊಂಬೆ, ನೀನು ದನಿ ಕೊಟ್ಟರೆ ಸಾಕು ಅಂದಳು ಹನುಮವ್ವ.

ಸಂಜೆ ದೀಪ ಹಚ್ಚಿದ್ರು, ಆಟ ಶುರುವಾಯ್ತು. ದೇವೀರಿ ಪರದೆ ಹಿಂದೆ ಕೂತು, ಏಳು ಮಗನೇ, ಸಿಂಹಾಸನ ಕಾಯ್ತಾ ಐತೆ ಅಂತ ಹೇಳಿಕೊಟ್ಟಂಗೇ ಹಾಡಿದಳು. ಹಾಡ್ತಾ ಹಾಡ್ತಾ ಮಾತು ದಾರಿ ಬಿಡ್ತು. ಏಳು ಮಗಳೇ, ಗಂಜಿ ಆರೋಯ್ತು. ಏಳೇ ನಿಂಗಿ, ತಲೆ ಬಾಚಬೇಕು ಬಾರೇ ಅಂದಳಂತೆ.

ತಾಳದೋನು ತಾಳ ನಿಲ್ಲಿಸಿದ. ಹನುಮವ್ವ ಮಾತ್ರ ಗೊಂಬೆ ಬಿಡಲಿಲ್ಲ, ರಾಣಿ ಕೈಯನ್ನ ಮೆಲ್ಲಗೆ ಮಗುವಿನ ತಲೆ ಮೇಲೆ ಆಡಿಸಿದಳು. ದೇವೀರಿಗೆ ಅಳು ಬಂತು, ಕೆರೆ ಕೋಡಿ ಬಿದ್ದಂಗೆ. ಪರದೆ ಮುಂದೆ ಮುದ್ದಯ್ಯ ಹೆಗಲ ವಸ್ತ್ರ ಮುಖಕ್ಕೆ ಒತ್ತಿಕೊಂಡು ಬಿಕ್ಕಿದ. ಊರೋರೆಲ್ಲ ತಂತಮ್ಮ ಸತ್ತೋರನ್ನ ನೆನೆದು ಅತ್ತರಂತೆ.

ಸಾಕು ಬಿಡವ್ವ ಅಂದಳು ಹನುಮವ್ವ. ಇಲ್ಲ ಅಕ್ಕ, ಆಟ ಮುಗಿಸೇ ಏಳ್ತೀನಿ ಅಂತ ಕಣ್ಣೊರೆಸಿಕೊಂಡು ಕೊನೆವರೆಗೂ ಹಾಡಿದಳಂತೆ.

ಮನೆಗೆ ಬಂದವಳೇ, ಹಸಿವಾಗ್ತೈತೆ ಅತ್ತೆ ಅಂದಳು. ಗಂಡ ಹೆಂಡ್ತಿ ಒಂದೇ ಗಂಗಳದಲ್ಲಿ ಮುದ್ದೆ ಮುರೀತಾ, ನಿಂಗಿ ಹೆಂಗೆ ನಗ್ತಿದ್ದಳು, ಹೆಂಗೆ ಹಟ ಮಾಡ್ತಿದ್ದಳು ಅಂತ ಮಾತಾಡಿಕೊಂಡ್ರಂತೆ. ಆಮೇಲಿಂದ ಸುಗ್ಗಿ ಮುಗಿದ ಮೇಲೆ ಗೊಂಬೆಯೋರು ಬಂದಾಗೆಲ್ಲ ರಾಣಿ ಹಾಡು ದೇವೀರಿದೇ ಅಂತೆ. ಎದೆ ಭಾರ ಆದೋರು ಸುತ್ತ ಹಳ್ಳಿಯಿಂದ ಬಂದು, ಅತ್ತು, ಹಗುರಾಗಿ ಮನೆಗೆ ಹೋಗೋರಂತೆ.

ಅವರೆಲ್ಲ ಸುಖವಾಗಿ ಮಲಗಿದ್ರು, ಕತೇನೂ ಮಲಗ್ತು. ನೀನೂ ಮಲಗು, ನನ್ನ ಕಂದ.