ಸಿದ್ದಾಚಾರ್ರ ಕಿವಿ ಮತ್ತು ಬೆಟ್ಟದ ಜೀಪು

ಬೆಟ್ಟದ ಬುಡದ ಒಂದು ಊರಿನಲ್ಲಿ ಸಿದ್ದಾಚಾರ್ರು ಎಂಬ ಮೆಕ್ಯಾನಿಕ್ ಇದ್ದರು. ಅವರ ಅಪ್ಪ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದರು, ಇವರು ಜೀಪಿನ ಎಂಜಿನ್ ಬಿಚ್ಚುತ್ತಿದ್ದರು. ಅವರ ಗ್ಯಾರೇಜಿನಲ್ಲಿ ಚೆಲುವರಾಜು ಎಂಬ ಶಿಷ್ಯನಿದ್ದ. ಸ್ವಂತ ಅಂಗಡಿ ಇಡುವಷ್ಟು ವಯಸ್ಸೂ ಆಗಿತ್ತು, ವಿದ್ಯೆಯೂ ಇತ್ತು. ಆದರೂ ಅವನು ಗುರುವನ್ನು ಬಿಟ್ಟು ಹೋಗಿರಲಿಲ್ಲ. ಅಪ್ಪ ಇಲ್ಲದ ಅವನಿಗೆ ಅನ್ನ ಹಾಕಿ, ಕೆಲಸ ಕಲಿಸಿ, ಮುಂದೆ ನಿಂತು ಮದುವೆ ಮಾಡಿಸಿದವರು ಆಚಾರ್ರೇ. ಅವರ ಎದುರು ಅವನು ಎಂದೂ ದನಿ ಎತ್ತಿದವನಲ್ಲ. ಈ ಕಥೆಯ ದುಃಖವೆಲ್ಲ ಹುಟ್ಟಿದ್ದು ಆ ಪ್ರೀತಿಯಿಂದಲೇ.

ಮಕ್ಕಳೇ, ಪೆಟ್ರೋಲ್ ಎಂಜಿನ್ನಿನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ಮೊದಲು ಸ್ವಲ್ಪ ಕೇಳಿ. ಬೋರಲು ಹಾಕಿದ ಲೋಟದಂಥ ಪಿಸ್ಟನ್ನು ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಒತ್ತುತ್ತ ಮೇಲೆ ಬರುತ್ತದೆ. ಅದು ತುದಿ ಮುಟ್ಟುವುದಕ್ಕೆ ಒಂದು ಚೂರು ಮುಂಚೆ ಕಿಡಿ ಹಾರಬೇಕು. ಬೆಂಕಿ ಹರಡುವಷ್ಟರಲ್ಲಿ ಪಿಸ್ಟನ್ನು ತುದಿ ಮುಟ್ಟಿ ಹಿಂತಿರುಗಿರುತ್ತದೆ. ಆ ಬೆಂಕಿಯೇ ಅದನ್ನು ಕೆಳಕ್ಕೆ ನೂಕುತ್ತದೆ, ಗಾಡಿ ಓಡುತ್ತದೆ. ಕಿಡಿ ತಡವಾದರೆ ಗಾಡಿ ಮೈಗಳ್ಳನಾಗುತ್ತದೆ, ಏರು ಹತ್ತುವುದಿಲ್ಲ. ತೀರಾ ಮುಂಚೆ ಹಾರಿದರೆ ಇನ್ನೂ ಕೆಟ್ಟದ್ದು. ಮೇಲೇರುತ್ತಿರುವ ಪಿಸ್ಟನ್ನಿನ ತಲೆಯ ಮೇಲೇ ಬೆಂಕಿ ಬಡಿಯುತ್ತದೆ. ಆಗ ಒಳಗಿನಿಂದ ಬಾಣಲೆಯಲ್ಲಿ ಕಾಳು ಸಿಡಿದಂತೆ ಸಣ್ಣಗೆ ಚಟಚಟ ಸದ್ದು ಬರುತ್ತದೆ. ಗ್ಯಾರೇಜಿನವರು ಅದನ್ನು ನಾಕಿಂಗ್ ಅನ್ನುತ್ತಾರೆ. ಕೇಳಿಯೂ ಕೇಳದ ಹಾಗೆ ಗಾಡಿ ಓಡಿಸುತ್ತಾ ಹೋದರೆ ಪಿಸ್ಟನ್ನೇ ತೂತು ಬೀಳುತ್ತದೆ.

ಕಿಡಿಯ ಹೊತ್ತನ್ನು ಹೊಂದಿಸುವುದಕ್ಕೆ ಟೈಮಿಂಗ್ ಅಂತ ಹೆಸರು. ಅದಕ್ಕೆ ಬೇರೆಯವರು ಲೈಟು ಹಿಡಿದು, ಎಂಜಿನ್ನಿನ ಚಕ್ರದ ಮೇಲಿನ ಗುರುತು ನೋಡಿ ಒದ್ದಾಡುತ್ತಿದ್ದರು. ಆಚಾರ್ರಿಗೆ ಅದೆಲ್ಲ ಬೇಕಿರಲಿಲ್ಲ. ಜೀಪಿಗೆ ಮರಳಿನ ಚೀಲ ಹೇರಿಸಿ, ಊರಾಚೆಯ ಏರಿನಲ್ಲಿ ಓಡಿಸಲು ಹೇಳಿ, ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಒಂದು ಸಲ ಏರು ಹತ್ತಿಸುವುದು, ಇಳಿದು ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಕಿಡಿಯನ್ನು ಮುಂಚೆ ಮಾಡುವುದು, ಮತ್ತೆ ಏರು ಹತ್ತಿಸುವುದು. ಹೀಗೆ ಮಾಡುತ್ತ ನಾಕಿಂಗ್ ಕಿವಿಗೆ ಬಿದ್ದ ಕೂಡಲೆ ಒಂದೆಳೆ ಹಿಂದಕ್ಕೆ ತಂದು ಬೋಲ್ಟ್ ಬಿಗಿದುಬಿಡುತ್ತಿದ್ದರು. ಅವರ ಕೈ ಮುಟ್ಟಿದ ಜೀಪು ಬೆಟ್ಟವನ್ನು ಆಟವಾಡಿಕೊಂಡು ಹತ್ತುತ್ತದೆ ಎಂದು ಡ್ರೈವರುಗಳೆಲ್ಲ ಹೇಳುತ್ತಿದ್ದರು.

ಆದರೆ ವಯಸ್ಸು ಯಾರನ್ನು ಬಿಟ್ಟಿದೆ? ಆಚಾರ್ರ ಕಿವಿ ಮಂದವಾಗುತ್ತ ಬಂತು. ಮನುಷ್ಯರ ಮಾತು ಚೆನ್ನಾಗಿಯೇ ಕೇಳುತ್ತಿತ್ತು. ಸಣ್ಣ ಸದ್ದುಗಳು ಮಾತ್ರ ಒಂದೊಂದಾಗಿ ಅವರಿಂದ ದೂರವಾದವು. ಮೊದಲೆಲ್ಲ ಪಿಸುಗುಟ್ಟಿದರೂ ಸಿಕ್ಕಿಬೀಳುತ್ತಿದ್ದ ನಾಕಿಂಗ್ ಈಗ ಕಿರುಚಿದರೆ ಮಾತ್ರ ಸಿಗುತ್ತಿತ್ತು. ಅವರು ಮಾತ್ರ ಹಳೆಯ ಪದ್ಧತಿಯನ್ನು ಬಿಟ್ಟಿರಲಿಲ್ಲ. ಕೇಳಿಸುವ ತನಕ ಕಿಡಿಯನ್ನು ಮುಂಚೆ ಮಾಡುವುದು, ಕೇಳಿಸಿದ ಮೇಲೆ ಒಂದೆಳೆ ಹಿಂದಕ್ಕೆ ತರುವುದು. ಕೇಳಿಸುವ ಹೊತ್ತಿಗೆ ಮಿತಿ ಮೀರಿರುತ್ತಿತ್ತು. ಒಂದೆಳೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಜೀಪು ಓಡಿಸುತ್ತಿದ್ದ ಚೆಲುವರಾಜುವಿಗೆ ಎಲ್ಲವೂ ಕೇಳುತ್ತಿತ್ತು. ಒಂದು ಸಲ ಧೈರ್ಯ ಮಾಡಿ ಬಾಯಿ ಬಿಟ್ಟ.

"ಆಚಾರ್ರೇ, ಇನ್ನೊಂಚೂರು ಹಿಂದಕ್ಕೆ ತರೋಣ್ವಾ?"

"ಯಾಕ್ಲಾ? ನಿಂಗೆ ಸದ್ದು ಕೇಳಿಸ್ತಾ?"

ಆಚಾರ್ರು ಗದರಲಿಲ್ಲ. ಗದರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವರ ಕಣ್ಣಿನಲ್ಲಿ ಹೆದರಿಕೆ ಕಂಡಿತು. ಕಿವಿಯೇ ಅವರ ಬದುಕು ಎಂದು ಅವನಿಗೆ ಗೊತ್ತಿತ್ತು.

"ಇಲ್ಲ ಆಚಾರ್ರೇ, ಸುಮ್ನೆ ಕೇಳ್ದೆ."

ಅಂದಿನಿಂದ ಚೆಲುವರಾಜು ಬೇರೆ ದಾರಿ ಹಿಡಿದ. ಆಚಾರ್ರು ಕೈ ತೊಳೆದು ಟೀ ಅಂಗಡಿಗೆ ಹೋದ ಕೂಡಲೆ ಇವನು ಬಾನೆಟ್ ಎತ್ತಿ, ಬೋಲ್ಟ್ ಸಡಿಲಿಸಿ, ಟೈಮಿಂಗನ್ನು ಇರಬೇಕಾದ ಜಾಗಕ್ಕೆ ತರುತ್ತಿದ್ದ. ಅವರು ವಾಪಸು ಬರುವಷ್ಟರಲ್ಲಿ ಬಾನೆಟ್ ಮುಚ್ಚಿರುತ್ತಿತ್ತು. ಜೀಪುಗಳು ಎಂದಿನಂತೆ ಬೆಟ್ಟ ಹತ್ತಿದವು, ಊರು ಎಂದಿನಂತೆ ಆಚಾರ್ರನ್ನು ಹೊಗಳಿತು. ಹೊಗಳಿಕೆ ಕೇಳಿ ಆಚಾರ್ರ ಹೆದರಿಕೆಯೂ ಕರಗಿತು, ತಮ್ಮ ಕಿವಿ ಇನ್ನೂ ಗಟ್ಟಿಯಾಗಿದೆ ಎಂದುಕೊಂಡರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಶಿಷ್ಯ ನೆಮ್ಮದಿಯಾಗಿದ್ದ. ಹಾವು ಸಾಯಲಿಲ್ಲ ಅಂದರೆ ಮನೆಯೊಳಗೇ ಇದೆ ಅಂತಲ್ಲವೇ? ಅದನ್ನು ಅವನು ಯೋಚಿಸಲಿಲ್ಲ.

ಹೀಗಿರುವಾಗ ಚೆಲುವರಾಜು ಹೆಂಡತಿಯ ತಂಗಿಯ ಮದುವೆಗೆಂದು ಬೇರೆ ಊರಿಗೆ ಹೋದ. ಆಗಲೇ ಶಿವರುದ್ರ ಎಂಬ ಡ್ರೈವರ್ ತನ್ನ ಜೀಪನ್ನು ಗ್ಯಾರೇಜಿಗೆ ತಂದ. ಬೆಟ್ಟದ ಮೇಲಿನ ಹಟ್ಟಿಗೆ ಇದ್ದದ್ದು ಅದೊಂದೇ ಗಾಡಿ. ಬಸ್ಸು ಅಲ್ಲಿಗೆ ಹತ್ತುತ್ತಿರಲಿಲ್ಲ. ರೇಷನ್ನು ಹೋಗುವುದೂ, ಜ್ವರ ಬಂದವರು ಇಳಿಯುವುದೂ ಆ ಜೀಪಿನಲ್ಲೇ. ಶಿವರುದ್ರನ ಹೆಂಡತಿ ಚಿಕ್ಕತಾಯಮ್ಮ ತುಂಬು ಗರ್ಭಿಣಿ. ಹೆರಿಗೆ ನೋವು ಬಂದರೆ ಅವಳನ್ನು ಇಳಿಸಿ ತರಬೇಕಾದದ್ದೂ ಅದರಲ್ಲೇ. ಅದಕ್ಕೇ ಅವನು ಮುಂಚಿತವಾಗಿ ಗಾಡಿ ಸರಿ ಮಾಡಿಸಲು ಬಂದಿದ್ದ. ಆಚಾರ್ರು ಪ್ರೀತಿಯಿಂದ ಕೆಲಸ ಮಾಡಿದರು. ಶಿವರುದ್ರನೇ ಏರಿನಲ್ಲಿ ಓಡಿಸಿದ, ಆಚಾರ್ರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತರು. ಅವರು ಟೀಗೆ ಹೋದಾಗ ಬಾನೆಟ್ ಎತ್ತುವವರು ಯಾರೂ ಇರಲಿಲ್ಲ.

ಮದುವೆ ಮುಗಿಸಿ ಬಂದ ಚೆಲುವರಾಜು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಎದುರಿಗೇ ಶಿವರುದ್ರನ ಜೀಪು ಜನ, ಮೂಟೆ ತುಂಬಿಕೊಂಡು ನಿಂತಿತ್ತು.

"ಆಚಾರ್ರು ಟೈಮಿಂಗ್ ಮಾಡ್ಕೊಟ್ರು ಕಣಣ್ಣ. ಗಾಡಿ ಹೆಂಗೆ ಎಳೀತದೆ ಗೊತ್ತಾ! ಲೋಡಿಗೆ ಒಂಚೂರು ಚಟಚಟ ಅಂತದೆ, ಅಷ್ಟೇಯ" ಎಂದ ಶಿವರುದ್ರ.

ಚೆಲುವರಾಜು ಬಾನೆಟ್ ಕಡೆ ನೋಡಿದ. ಸ್ಪ್ಯಾನರು ಪಕ್ಕದ ಸೈಕಲ್ ಅಂಗಡಿಯಲ್ಲೇ ಸಿಗುತ್ತಿತ್ತು. ಆದರೆ ಜೀಪಿನ ತುಂಬ ಜನ. ಎಲ್ಲರೆದುರು ಬಾನೆಟ್ ಎತ್ತಿದರೆ ಯಾಕೆಂದು ಕೇಳುತ್ತಾರೆ. ಹೇಳಿದರೆ ಸಂಜೆಯೊಳಗೆ ಆಚಾರ್ರ ಕಿವಿಯ ಮಾತು ಊರ ಬಾಯಿಗೆ ಬೀಳುತ್ತದೆ.

"ಮುಂದಿನ್ವಾರ ಗ್ಯಾರೇಜ್ ಕಡೆ ಬಾ" ಎಂದ.

"ಯಾಕಣ್ಣ?"

"ಏನಿಲ್ಲ. ಪ್ಲಗ್ ಕ್ಲೀನ್ ಮಾಡ್ಕೊಡ್ತೀನಿ."

ಜೀಪು ಹೊರಟಿತು. ಊರಾಚೆಯ ಏರಿನಲ್ಲಿ ಅದು ಹತ್ತುವಾಗ ಆ ಸದ್ದು ಬಸ್ ಸ್ಟ್ಯಾಂಡಿನಲ್ಲಿದ್ದ ಅವನವರೆಗೂ ಕೇಳಿತು. ಒಂದು ವಾರ ತಾನೇ ಎಂದುಕೊಂಡು ಮನೆಗೆ ನಡೆದ.

ವಾರ ತುಂಬಲಿಲ್ಲ. ಒಂದು ಬೆಳಿಗ್ಗೆ ಚಿಕ್ಕತಾಯಮ್ಮನಿಗೆ ನೋವು ಕಾಣಿಸಿತು. ಶಿವರುದ್ರ ಅವಳನ್ನೂ ನಾಲ್ಕಾರು ಹೆಂಗಸರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೊರಟ. ಹಟ್ಟಿಯಿಂದ ಇಳಿದು, ಹಳ್ಳ ದಾಟಿ, ಒಂದು ಉದ್ದನೆಯ ಏರು ಹತ್ತಿದರೆ ಟಾರು ರಸ್ತೆ. ಆ ಏರಿನ ನಡುವೆ ಎಂಜಿನ್ನು ಒಮ್ಮೆ ಕೆಮ್ಮಿ, ನೀಲಿ ಹೊಗೆ ಉಗುಳಿ ನಿಂತುಬಿಟ್ಟಿತು. ಎಷ್ಟು ಒದ್ದಾಡಿದರೂ ಮತ್ತೆ ಹತ್ತಿಕೊಳ್ಳಲಿಲ್ಲ. ಹಟ್ಟಿಯಿಂದ ಮಂಚ ತರಿಸಿ, ಗಂಡಸರು ಹೆಗಲು ಕೊಟ್ಟು, ಅವಳನ್ನು ಟಾರು ರಸ್ತೆಗೆ ಹೊತ್ತು ತಂದು ಆಸ್ಪತ್ರೆ ಸೇರಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಮಣ್ಣು ಮಾಡಿದ ಮೇಲೆ ಶಿವರುದ್ರ ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತ. ಆಚಾರ್ರೂ ಚೆಲುವರಾಜುವೂ ಸಾಮಾನಿನ ಪೆಟ್ಟಿಗೆ ಹೊತ್ತುಕೊಂಡು ಅವನ ಜೊತೆ ಆ ಏರಿಗೆ ಹೋದರು. ಅಲ್ಲೇ ರಸ್ತೆಯ ಮೇಲೆ ಎಂಜಿನ್ನಿನ ಮುಚ್ಚಳದಂಥ ಹೆಡ್ ಬಿಚ್ಚಿದರು. ಒಂದು ಪಿಸ್ಟನ್ನಿನ ತಲೆಯನ್ನು ಗೆದ್ದಲು ತಿಂದಂತೆ ಬೆಂಕಿ ತಿಂದಿತ್ತು. ನಡುವೆ ಹೆಬ್ಬೆರಳು ತೂರುವಷ್ಟು ತೂತು.

ಆಚಾರ್ರು ತೂತಿನ ಅಂಚನ್ನು ಬೆರಳಿನಿಂದ ಸವರಿದರು. "ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿರ್ಬೇಕು. ಟೈಮಿಂಗ್ ನಾನೇ ಮಾಡಿದ್ದೆ, ಅದು ಸರಿಯಾಗೇ ಇತ್ತು" ಎಂದರು.

"ಇಲ್ಲ ಆಚಾರ್ರೇ, ತಪ್ಪು ನಂದೇ" ಎಂದ ಶಿವರುದ್ರ. "ವಾರದಿಂದ ಲೋಡ್ ಜಾಸ್ತಿ ಹಾಕ್ದೆ. ಸದ್ದು ಬತ್ತಿತ್ತು. ಆಚಾರ್ರೇ ಮಾಡಿರೋದಲ್ವಾ, ಏನಾಯ್ತದೆ ಅಂತ ಓಡಿಸ್ದೆ. ನನ್ನ ಮಗೀನ ನಾನೇ ಕೈಯಾರ ಕಳ್ಕೊಂಡೆ."

ಈ ಮಾತನ್ನು ಚೆಲುವರಾಜುವಿಗೆ ತಡೆದುಕೊಳ್ಳಲಾಗಲಿಲ್ಲ. ಮಗು ಕಳೆದುಕೊಂಡವನು ಅದರ ಪಾಪವನ್ನೂ ತಾನೇ ಹೊತ್ತುಕೊಂಡು ನಿಂತಿದ್ದ. ಶಿಷ್ಯ ರಸ್ತೆಯ ಮೇಲೇ ಕೂತು ಎಲ್ಲವನ್ನೂ ಹೇಳಿದ. ಆಚಾರ್ರಿಗೆ ಸಣ್ಣ ಸದ್ದು ಕೇಳದೆ ಇರುವುದು, ತಾನು ಪ್ರತಿಯೊಂದು ಗಾಡಿಯನ್ನೂ ಕದ್ದು ತಿದ್ದುತ್ತಿದ್ದುದು, ಬಸ್ ಸ್ಟ್ಯಾಂಡಿನಲ್ಲಿ ಬಾಯಿಗೆ ಬಂದ ಮಾತನ್ನು ನುಂಗಿಕೊಂಡದ್ದು, ಒಂದನ್ನೂ ಬಿಡಲಿಲ್ಲ.

ಆಚಾರ್ರು ಜೀಪಿನ ಮಡ್‌ಗಾರ್ಡ್ ಹಿಡಿದುಕೊಂಡರು.

"ನಂಗ್ಯಾಕಪ್ಪ ಹೇಳ್ಲಿಲ್ಲ?"

"ನಿಮ್ಗೆ ನೋವಾಯ್ತದೆ ಅಂತ, ಆಚಾರ್ರೇ."

"ಆಗ್ತಿತ್ತು. ಒಂದಿನ ಉಣ್ತಿರ್ಲಿಲ್ಲ, ಎರಡು ದಿನ ನಿನ್ನ ಮಾತಾಡಿಸ್ತಿರ್ಲಿಲ್ಲ. ಆಮೇಲೆ 'ನೀನು ಕೇಳು, ನಾನು ತಿರುಗಿಸ್ತೀನಿ' ಅಂತಿದ್ದೆ." ಅವರು ಶಿವರುದ್ರನ ಕಡೆ ಕೈ ತೋರಿಸಿದರು. "ನನ್ನ ನೋವು ಅಷ್ಟೇ ಕಣೋ. ಇವನದ್ದು?"

ಶಿವರುದ್ರ ಇಬ್ಬರನ್ನೂ ಬೈಯಲಿಲ್ಲ. ತೂತು ಬಿದ್ದ ಪಿಸ್ಟನ್ನನ್ನು ಒಮ್ಮೆ ನೋಡಿ, ಏರಿನ ಮೇಲಕ್ಕೆ, ಟಾರು ರಸ್ತೆಯ ಕಡೆ ನಡೆದುಕೊಂಡು ಹೊರಟುಹೋದ. ಹೆಂಡತಿ ಇನ್ನೂ ಆಸ್ಪತ್ರೆಯಲ್ಲಿದ್ದಳು.

ಗುರುಶಿಷ್ಯರು ಸೇರಿ ಆ ಜೀಪಿಗೆ ಹೊಸ ಪಿಸ್ಟನ್ ಹಾಕಿ ನಿಲ್ಲಿಸಿದರು. ಅದು ಈಗ ಬೆಟ್ಟ ಹತ್ತುತ್ತದೆ, ಬೇರೆ ಯಾರೋ ಓಡಿಸುತ್ತಾರೆ. ಆಚಾರ್ರು ಮತ್ತೆ ಯಾವ ಎಂಜಿನ್ನನ್ನೂ ಮುಟ್ಟಲಿಲ್ಲ. ಗ್ಯಾರೇಜು ಚೆಲುವರಾಜುವಿನ ಕೈಗೆ ಬಂತು. ಅವನು ಒಳ್ಳೆಯ ಕೆಲಸಗಾರ ಎಂದು ಊರೆಲ್ಲ ಹೊಗಳುತ್ತದೆ. ಚಿಕ್ಕತಾಯಮ್ಮ ಸಂತೆಗೆ ಬಂದ ದಿನ ಮಾತ್ರ ಅವನು ಬಾಗಿಲು ಅರ್ಧ ಎಳೆದುಕೊಂಡು ಒಳಗೇ ಕೂತಿರುತ್ತಾನೆ.

ನೀತಿ: ದೊಡ್ಡವರ ಕೊರತೆಯನ್ನು ಅವರಿಗೇ ತಿಳಿಯದಂತೆ ಮುಚ್ಚಿಡುವುದು ಗೌರವವಲ್ಲ. ಅವರನ್ನು ಏಕಾಂತದಲ್ಲಿ ಕೂರಿಸಿಕೊಂಡು, ಮೆಲ್ಲಗೆ, ಇನ್ನೂ ತಿದ್ದಿಕೊಳ್ಳಲು ಕಾಲವಿರುವಾಗಲೇ ಹೇಳುವುದು ಗೌರವ. ನಾವು ಹೇಳದೆ ಕಾಪಾಡಿದ ಮರ್ಯಾದೆಯ ಬೆಲೆಯನ್ನು ಏನೂ ಅರಿಯದವರು ತೆರಬೇಕಾಗುತ್ತದೆ.